ನಡೆದು ಹೋಗುವಷ್ಟು ಹತ್ತಿರ

ಜಪಾನಿನ ಶಿಕೊಕು ದ್ವೀಪದ ದಕ್ಷಿಣ ದಡದಲ್ಲಿ ಕೋಚಿ ಎಂಬ ನಗರವಿದೆ. ಕೇರಳದ ಕೊಚ್ಚಿಗೂ ಇದಕ್ಕೂ ಸಂಬಂಧವಿಲ್ಲ. ಅಲ್ಲಿಯ ಬಡಾವಣೆಗಳ ಸಮುದಾಯ ಭವನಗಳಲ್ಲಿ ವಾರಕ್ಕೆ ಒಂದೆರಡು ಸಲ ಹಿರಿಯರು ಕುರ್ಚಿ ಹಾಕಿಕೊಂಡು ಕೂಡುತ್ತಾರೆ. ಎಪ್ಪತ್ತು ದಾಟಿದವರು, ಎಂಬತ್ತು ದಾಟಿದವರು. ತೊಂಬತ್ತರ ಅಜ್ಜಿಯರೂ ಇರುತ್ತಾರೆ. ಮುಂಗೈಗೂ ಕಣಕಾಲಿಗೂ ಬಟ್ಟೆಯ ಪಟ್ಟಿ ಸುತ್ತಿಕೊಳ್ಳುತ್ತಾರೆ. ಪಟ್ಟಿಯಲ್ಲಿ ಸಾಲಾಗಿ ಪುಟ್ಟ ಜೇಬುಗಳಿದ್ದು, ಒಂದೊಂದಕ್ಕೂ ಸುಮಾರು 200 ಗ್ರಾಂ ತೂಕದ ಕಡ್ಡಿಯೊಂದನ್ನು ತೂರಿಸಬಹುದು. ಶುರುವಿನಲ್ಲಿ ಬರಿಯ ಪಟ್ಟಿ, ಇಲ್ಲವೇ ಒಂದೇ ಕಡ್ಡಿ. ವಾರಗಳು ಕಳೆದಂತೆ ಒಂದೊಂದೇ ಸೇರಿಸುತ್ತ ಹೋಗಿ ಎಲ್ಲ ಜೇಬು ತುಂಬಿದರೆ ಎರಡು ಕಿಲೋ ಚಿಲ್ಲರೆ. ಟಿವಿಯಲ್ಲಿ ಹಾಕಿದ ವಿಡಿಯೋ ನೋಡುತ್ತ, ಎಲ್ಲರೂ ಗಟ್ಟಿಯಾಗಿ ಎಣಿಸುತ್ತ, ನಾಲ್ಕು ಎಣಿಸುವಷ್ಟರಲ್ಲಿ ತೋಳೆತ್ತಿ, ಮತ್ತೆ ನಾಲ್ಕು ಎಣಿಸುವಷ್ಟರಲ್ಲಿ ಇಳಿಸುತ್ತಾರೆ. ಕುಳಿತಲ್ಲೇ ಮಂಡಿ ಚಾಚುತ್ತಾರೆ. ಕುರ್ಚಿಯಿಂದ ನಿಧಾನವಾಗಿ ಏಳುತ್ತಾರೆ, ನಿಧಾನವಾಗಿ ಕೂರುತ್ತಾರೆ. ಮುಕ್ಕಾಲು ಗಂಟೆಯೊಳಗೆ ಇದೆಲ್ಲ ಮುಗಿಯುತ್ತದೆ. ಆಮೇಲೆ ಮಾತು.

ಇದರ ಹೆಸರು 'ಇಕಿಇಕಿ ಹ್ಯಾಕುಸಾಯ್ ತಾಯ್ಸೋ', ಅಂದರೆ ಲವಲವಿಕೆಯ ಶತಾಯುಷಿ ವ್ಯಾಯಾಮ. 2002ರಲ್ಲಿ ಕೋಚಿ ನಗರಾಡಳಿತ ಇದನ್ನು ಆರಂಭಿಸಿತು. ಅದಕ್ಕೆ ಎರಡು ವರ್ಷ ಮೊದಲು, 2000ದಲ್ಲಿ, ಜಪಾನ್ ತನ್ನ ದೀರ್ಘಾವಧಿ ಆರೈಕೆ ವಿಮೆಯನ್ನು ಜಾರಿಗೆ ತಂದಿತ್ತು. ನಲವತ್ತು ದಾಟಿದವರೆಲ್ಲ ವಿಮೆಯ ಕಂತು ಕಟ್ಟುತ್ತಾರೆ. ಮುಪ್ಪಿನಲ್ಲಿ ಸ್ನಾನ, ಊಟ, ಓಡಾಟಕ್ಕೆ ಇನ್ನೊಬ್ಬರ ನೆರವು ಬೇಕಾದಾಗ ಆ ನಿಧಿಯಿಂದ ಸೇವೆ ಸಿಗುತ್ತದೆ. ವಿಮೆಯ ಹೊಣೆ ಹೊತ್ತದ್ದು ನಗರ, ಪಟ್ಟಣ, ಹಳ್ಳಿಗಳ ಸ್ಥಳೀಯ ಆಡಳಿತ. ತಮ್ಮ ಊರಿನ ಮುದುಕರ ಕಾಲಿನ ಬಲ ಊರಿನ ಲೆಕ್ಕಪತ್ರಕ್ಕೆ ಸಂಬಂಧಿಸಿದ ವಿಷಯ ಎಂಬುದು ಹೀಗೆ ಅಲ್ಲಿನ ಅಧಿಕಾರಿಗಳಿಗೆ ಅರಿವಾಯಿತು. ಆದರೂ ಕೋಚಿಯವರು ಮನೆಮನೆಗೆ ಹೋಗಿ ಜನರನ್ನು ಕರೆತರಲಿಲ್ಲ. ನೆರೆಹೊರೆಯವರು ತಾವಾಗಿ ಕೂಡಿ 'ನಮಗೂ ಬೇಕು' ಎಂದು ಕೇಳಿದರೆ ಫಿಸಿಯೋಥೆರಪಿಸ್ಟ್ ಬಂದು ಮೊದಲ ಕೆಲವು ಸಲ ಹೇಳಿಕೊಡುತ್ತಾರೆ, ತೂಕದ ಪಟ್ಟಿ ಕೊಡುತ್ತಾರೆ. ಕುರ್ಚಿ ಜೋಡಿಸುವುದು, ಹಾಜರಿ ಬರೆಯುವುದು, ಬೀಗ ತೆಗೆಯುವುದು, ಮುಂದೆ ನಡೆಸಿಕೊಂಡು ಹೋಗುವುದು ಕೂಡಿದವರದೇ ಕೆಲಸ. ಈ ಪುಟ್ಟ ಷರತ್ತು ಎಷ್ಟು ದೊಡ್ಡದೆಂದು ಮುಂದೆ ಕಾಣುತ್ತದೆ. ಕೋಚಿಯ ಮಾದರಿ ಇತರ ಊರುಗಳಿಗೂ ಹಬ್ಬಿತು. ಇಂದು ಜಪಾನಿನಾದ್ಯಂತ ಹಿರಿಯರು ತಾವೇ ನಡೆಸುವ, ವ್ಯಾಯಾಮವೋ ಹರಟೆಯೋ ಅಡುಗೆಯೋ ನೆಪವಾಗಿ ಕೂಡುವ ತಾಣಗಳು ಒಂದು ಲಕ್ಷಕ್ಕೂ ಹೆಚ್ಚಿವೆ.

ಕುರ್ಚಿಯಿಂದ ಏಳುವುದೇ ಯಾಕೆ? ನಮ್ಮ ದೇಹದ ಅತಿ ದೊಡ್ಡ ಸ್ನಾಯುಗಳು ಇರುವುದು ತೊಡೆ ಮತ್ತು ಪೃಷ್ಠಗಳಲ್ಲಿ. ಮೂವತ್ತು ದಾಟಿದ ಮೇಲೆ ಸ್ನಾಯುರಾಶಿ ದಶಕಕ್ಕೆ ಶೇಕಡ 3ರಿಂದ 8ರಷ್ಟು ಕರಗುತ್ತ ಬರುತ್ತದೆ. ಅರವತ್ತರ ನಂತರ ಆ ವೇಗ ಇನ್ನೂ ಹೆಚ್ಚು. ಬಲ ಅದಕ್ಕಿಂತ ಬೇಗ ಕುಸಿಯುತ್ತದೆ. ಕನ್ನಡಿಯಲ್ಲಿ ಇದು ಕಾಣುವುದಿಲ್ಲ, ಕರಗಿದ ಸ್ನಾಯುವಿನ ಜಾಗಕ್ಕೆ ಕೊಬ್ಬು ಬಂದು ಕೂರುತ್ತದೆ. ತಕ್ಕಡಿಯೂ ಹೇಳುವುದಿಲ್ಲ. 'ಅಮ್ಮ ಮೊದಲಿನಷ್ಟೇ ಇದ್ದಾರೆ' ಎಂದು ಮಕ್ಕಳು ಅಂದುಕೊಂಡಿರುವಾಗಲೇ ಒಂದು ದಿನ ಅಮ್ಮ ಬಚ್ಚಲಿನ ನಲ್ಲಿ ಹಿಡಿದುಕೊಂಡು ಏಳತೊಡಗುತ್ತಾರೆ. 1989ರಲ್ಲಿ ಅಮೆರಿಕದ ಇರ್ವಿನ್ ರೋಸೆನ್‌ಬರ್ಗ್ ಈ ಸವಕಳಿಗೆ 'ಸಾರ್ಕೋಪೀನಿಯಾ' ಎಂಬ ಹೆಸರಿಡುವವರೆಗೆ ವೈದ್ಯಲೋಕವೂ ಇದನ್ನು ಮುಪ್ಪಿನ ಸಹಜ ಗುಣವೆಂದು ಬದಿಗಿಟ್ಟಿತ್ತು. ಏಷ್ಯಾದ ತಜ್ಞರ ತಂಡ 2019ರಲ್ಲಿ ಕೊಟ್ಟ ಒಂದು ಸುಲಭ ಅಳತೆಗೋಲಿದೆ. ಎರಡೂ ಕೈ ಎದೆಗೆ ಕಟ್ಟಿಕೊಂಡು ಕುರ್ಚಿಯಿಂದ ಐದು ಸಲ ಎದ್ದು ಕೂರಬೇಕು. ಹನ್ನೆರಡು ಸೆಕೆಂಡು ಅಥವಾ ಅದಕ್ಕಿಂತ ಹೆಚ್ಚು ಹಿಡಿದರೆ ಕಾಲಿನ ಕಸುವು ಕಡಿಮೆಯಾಗಿದೆ ಎಂದು ಅರ್ಥ.

ಒಳಗೆ ನಡೆಯುವುದು ಬರೀ ಸ್ನಾಯುವಿನ ಕಥೆಯಲ್ಲ, ನರದ ಕಥೆಯೂ ಹೌದು. ಬೆನ್ನುಹುರಿಯಿಂದ ಹೊರಡುವ ಒಂದೊಂದು ಚಾಲಕ ನರಕೋಶವೂ ನೂರಾರು ಸ್ನಾಯು ಎಳೆಗಳನ್ನು ಆಳುತ್ತದೆ. ವಯಸ್ಸಾದಂತೆ ಈ ನರಕೋಶಗಳಲ್ಲಿ ಕೆಲವು ಸಾಯುತ್ತವೆ. ತಬ್ಬಲಿಯಾದ ಎಳೆಗಳನ್ನು ಪಕ್ಕದ ನರ ತನ್ನ ಕವಲು ಚಾಚಿ ಸಾಕಿಕೊಳ್ಳುತ್ತದೆ; ಎಲ್ಲವನ್ನೂ ಸಾಕಲಾಗದಿದ್ದಾಗ ಉಳಿದವು ಸೊರಗುತ್ತವೆ. ಹೀಗೆ ಹೆಚ್ಚಾಗಿ ಕಳೆದುಹೋಗುವುದು ಚುರುಕಾಗಿ ಸೆಟೆಯಬಲ್ಲ ಎಳೆಗಳು. ನಿಧಾನವಾಗಿ ನಡೆಯಲು ಅವು ಅಷ್ಟಾಗಿ ಬೇಕಿಲ್ಲ. ಬೇಕಾಗುವುದು ಎಡವಿದಾಗ. ಹೊಸ್ತಿಲಿಗೆ ಕಾಲು ತಾಗಿ ದೇಹ ಮುಂದಕ್ಕೆ ವಾಲಿದ ಆ ಕ್ಷಣದಲ್ಲಿ ಇನ್ನೊಂದು ಕಾಲು ತಟ್ಟನೆ ಮುಂದೆ ಬಂದು ನೆಲ ಹಿಡಿಯಬೇಕು. ಅದು ಬಾರದಿದ್ದರೆ ಸೊಂಟದ ಮೂಳೆ ಮುರಿಯಬಹುದು. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಜಗತ್ತಿನಲ್ಲಿ ವರ್ಷಕ್ಕೆ 6,84,000 ಜನ ಬಿದ್ದು ಸಾಯುತ್ತಾರೆ, ಮತ್ತು ಬಿದ್ದು ಸಾಯುವ ಅಪಾಯ ಅತಿ ಹೆಚ್ಚಿರುವುದು ಅರವತ್ತು ದಾಟಿದವರಿಗೆ.

ಹಾಗಾದರೆ ಸೊರಗಿದ್ದು ಮತ್ತೆ ಚಿಗುರುತ್ತದೆಯೇ? 1990ರಲ್ಲಿ ಬೋಸ್ಟನ್ನಿನ ವೈದ್ಯೆ ಮರಿಯಾ ಫಿಯಾಟರೋನ್ ಒಂದು ವೃದ್ಧಾಶ್ರಮದಲ್ಲಿ ಮಾಡಿದ ಪ್ರಯೋಗ ಈ ಕ್ಷೇತ್ರದ ನೋಟವನ್ನೇ ತಿರುಗಿಸಿತು. ಸೇರಿದವರು ಹತ್ತು ಮಂದಿ. ವಯಸ್ಸು 86ರಿಂದ 96. ಎಂಟು ವಾರ ಅವರು ತೊಡೆಯ ಸ್ನಾಯುಗಳಿಗೆ ಭಾರದ ವ್ಯಾಯಾಮ ಮಾಡಿದರು. ಅದು ತೋರಿಕೆಯ ಭಾರವಲ್ಲ, ಅವರು ಎತ್ತಬಲ್ಲ ಗರಿಷ್ಠ ತೂಕದ ಬಹುಪಾಲು. ಕೊನೆಗೆ ಕಾಲಿನ ಬಲ ಸರಾಸರಿ ಶೇಕಡ 174ರಷ್ಟು ಹೆಚ್ಚಿತ್ತು. ಇಬ್ಬರು ಊರುಗೋಲು ಬಿಟ್ಟರು. ತೊಡೆಯ ಸ್ನಾಯುವಿನ ಗಾತ್ರ ಬೆಳೆದದ್ದು ಶೇಕಡ 9 ಮಾತ್ರ. ಈ ಎರಡು ಸಂಖ್ಯೆಗಳ ನಡುವಿನ ಅಂತರವೇ ನನಗೆ ಎಲ್ಲಕ್ಕಿಂತ ಹೆಚ್ಚು ಅರ್ಥಪೂರ್ಣವಾಗಿ ಕಾಣುತ್ತದೆ. ಮೊದಲ ವಾರಗಳಲ್ಲಿ ಬರುವ ಬಲದ ಬಹುಭಾಗ ಹೊಸ ಮಾಂಸದಿಂದ ಬಂದದ್ದಲ್ಲ. ಇದ್ದ ಎಳೆಗಳನ್ನೇ ನರಗಳು ಒಮ್ಮೆಗೇ ಒಟ್ಟಾಗಿ ಎಬ್ಬಿಸಲು ಮತ್ತೆ ಕಲಿತದ್ದರಿಂದ ಬಂದದ್ದು. ತೊಂಬತ್ತರಲ್ಲೂ ನರಮಂಡಲ ಕಲಿಯುತ್ತದೆ.

ಆದರೆ ಅದೇ ಪ್ರಬಂಧದಲ್ಲಿ ಕಡಿಮೆ ಜನ ನೆನಪಿಡುವ ಇನ್ನೊಂದು ಸಂಖ್ಯೆ ಇದೆ. ವ್ಯಾಯಾಮ ನಿಲ್ಲಿಸಿದ ನಾಲ್ಕೇ ವಾರಗಳಲ್ಲಿ ಬಲ ಶೇಕಡ 32ರಷ್ಟು ಇಳಿಯಿತು. 1966ರಲ್ಲಿ ಅಮೆರಿಕದ ಡಲ್ಲಾಸ್‌ನಲ್ಲಿ ಐವರು ಇಪ್ಪತ್ತರ ಹುಡುಗರನ್ನು ಮೂರು ವಾರ ಹಾಸಿಗೆಯಲ್ಲಿ ಮಲಗಿಸಿ ಅವರ ಹೃದಯ-ಶ್ವಾಸಕೋಶಗಳ ದುಡಿಮೆಯ ಸಾಮರ್ಥ್ಯ ಎಷ್ಟು ಕುಸಿಯುತ್ತದೆಂದು ಅಳೆದಿದ್ದರು. ಮೂವತ್ತು ವರ್ಷಗಳ ನಂತರ, ಅವರಿಗೆ ಐವತ್ತಾದಾಗ, ಅದೇ ಐವರನ್ನು ಮತ್ತೆ ಅಳೆದರು. ಮೂವತ್ತು ವರ್ಷದ ವಯಸ್ಸು ತಗ್ಗಿಸಿದ್ದಕ್ಕಿಂತ ಹೆಚ್ಚು ಸಾಮರ್ಥ್ಯವನ್ನು ಅಂದಿನ ಮೂರು ವಾರದ ಹಾಸಿಗೆ ತಗ್ಗಿಸಿತ್ತು. ನಮ್ಮ ಮನೆಗಳಲ್ಲಿ ಜ್ವರ ಬಂದ ಹಿರಿಯರಿಗೆ 'ಏಳಬೇಡಿ, ಎಲ್ಲಾ ಇಲ್ಲಿಗೇ ತಂದುಕೊಡ್ತೀವಿ' ಎನ್ನುವ ಪ್ರೀತಿ ಎಷ್ಟು ದುಬಾರಿಯೆಂದು ಇದರಿಂದ ಊಹಿಸಬಹುದು. ಡಾಕ್ಟರು ಬೇಡವೆಂದು ಹೇಳದ ಹೊರತು ಅವರನ್ನು ಎಬ್ಬಿಸಿ ನಾಲ್ಕು ಹೆಜ್ಜೆ ನಡೆಸುವುದೇ ಸೇವೆ.

ಕೂಡಿಟ್ಟು ಉಣ್ಣಬಹುದಾದ ಆಸ್ತಿಯಲ್ಲ ಈ ಬಲ. ವಾರ ತಪ್ಪದೆ, ವರ್ಷ ವರ್ಷ ಗಳಿಸುತ್ತಿರಬೇಕು. ಒಂದು ಒಳ್ಳೆಯ ವ್ಯಾಯಾಮ ಯಾವುದೆಂದು ಕಂಡುಹಿಡಿಯುವುದು ವಿಜ್ಞಾನಕ್ಕೆ ಕಷ್ಟವಾಗಲಿಲ್ಲ. ಅದನ್ನು ಎಂಬತ್ತರ ಅಜ್ಜಿ ಮುಂದಿನ ವರ್ಷವೂ ಮಾಡುತ್ತಿರುವಂತೆ ಮಾಡುವುದು ಹೇಗೆ ಎಂಬುದೇ ಕಷ್ಟದ ಪ್ರಶ್ನೆ.

ಇಲ್ಲಿ ಜಪಾನಿನ ಐಚಿ ಪ್ರಾಂತ್ಯದ ಒಂದು ಅಧ್ಯಯನ ನೆರವಿಗೆ ಬರುತ್ತದೆ. ಕನಾಮೊರಿ ಮತ್ತು ಸಂಗಡಿಗರು 2012ರಲ್ಲಿ ಪ್ರಕಟಿಸಿದ ಇದರಲ್ಲಿ 65 ದಾಟಿದ, ಸ್ವತಂತ್ರವಾಗಿ ಬದುಕುತ್ತಿದ್ದ 11,581 ಜನರನ್ನು ನಾಲ್ಕು ವರ್ಷ ಹಿಂಬಾಲಿಸಿದರು. ಯಾರು ಪರಾವಲಂಬಿಗಳಾಗುತ್ತಾರೆ, ಅಂದರೆ ದಿನದ ಕೆಲಸಕ್ಕೆ ಇನ್ನೊಬ್ಬರ ಆಸರೆ ಬೇಕೆಂದು ವಿಮೆಯ ದಾಖಲೆಗೆ ಸೇರುತ್ತಾರೆ, ಎಂಬುದು ಪ್ರಶ್ನೆ. ಜನರನ್ನು ನಾಲ್ಕು ಗುಂಪು ಮಾಡಿದರು. ಕ್ರೀಡಾ ಸಂಘಕ್ಕೆ ಸೇರಿ ವಾರಕ್ಕೊಮ್ಮೆಯಾದರೂ ವ್ಯಾಯಾಮ ಮಾಡುವವರು. ಸಂಘವಿಲ್ಲದೆ ತಮ್ಮಷ್ಟಕ್ಕೆ ಮಾಡುವವರು. ಸಂಘದಲ್ಲಿದ್ದೂ ಅಷ್ಟಾಗಿ ವ್ಯಾಯಾಮ ಮಾಡದವರು. ಎರಡೂ ಇಲ್ಲದವರು.

ಎರಡೂ ಇಲ್ಲದವರ ಅಪಾಯ ಮೊದಲ ಗುಂಪಿಗಿಂತ ಶೇಕಡ 65 ಹೆಚ್ಚಿತ್ತು. ಇದರಲ್ಲಿ ಅಚ್ಚರಿಯಿಲ್ಲ. ಅಚ್ಚರಿ ಇರುವುದು ನಡುವಿನ ಎರಡು ಗುಂಪುಗಳಲ್ಲಿ. ತಮ್ಮಷ್ಟಕ್ಕೆ ವ್ಯಾಯಾಮ ಮಾಡುವವರು ಮೊದಲ ಗುಂಪಿನಷ್ಟೇ ಶಿಸ್ತಿನಿಂದ ಬೆವರು ಸುರಿಸುತ್ತಿದ್ದರೂ ಅವರ ಅಪಾಯ ಶೇಕಡ 29 ಹೆಚ್ಚು. ಸಂಘಕ್ಕೆ ಹೋಗಿ ಅಷ್ಟಾಗಿ ಮೈ ಬಗ್ಗಿಸದವರ ಅಪಾಯವಾದರೋ ಮೊದಲ ಗುಂಪಿಗಿಂತ ಬೇರೆಯೆಂದು ಹೇಳುವಷ್ಟು ಅಂತರವೇ ಕಾಣಲಿಲ್ಲ. ವಯಸ್ಸು, ಆದಾಯ, ವಿದ್ಯಾಭ್ಯಾಸ, ಇದ್ದ ಕಾಯಿಲೆಗಳನ್ನೆಲ್ಲ ಲೆಕ್ಕಕ್ಕೆ ತೆಗೆದುಕೊಂಡ ಮೇಲಿನ ಫಲಿತಾಂಶ ಇದು.

ಸಂಶಯ ಪಡುವವರು ಇಲ್ಲಿ ಕೈ ಎತ್ತಬೇಕು, ಎತ್ತುತ್ತಾರೆ ಕೂಡ. ಗಟ್ಟಿಮುಟ್ಟಾಗಿರುವವರೇ ಸಂಘಕ್ಕೆ ಹೋಗುತ್ತಾರಲ್ಲವೇ? ಮುಂದೆ ಬೀಳಲಿರುವವರು ಈಗಲೇ ಮನೆಯಲ್ಲಿ ಉಳಿದಿರಬಹುದು. ಹಾಗಾದರೆ ಸಂಘ ಆರೋಗ್ಯದ ಕಾರಣವಲ್ಲ, ಅದರ ಗುರುತು ಅಷ್ಟೇ. ಈ ಗಂಟನ್ನು ಬಿಡಿಸಲು ಸರಿಯಾದ ದಾರಿಯೆಂದರೆ ಚೀಟಿ ಎತ್ತಿ ಅರ್ಧ ಜನರನ್ನು ಸಂಘಕ್ಕೆ ಕಳಿಸಿ ಉಳಿದರ್ಧ ಜನರನ್ನು ಮನೆಯಲ್ಲಿ ಕೂರಿಸುವುದು. ಐದಾರು ವರ್ಷ ಹಾಗೆ ಯಾರನ್ನೂ ಕೂರಿಸಲು ಬರುವುದಿಲ್ಲ.

ಅದೇ ಐಚಿ ಪ್ರಾಂತ್ಯದ ತಾಕೆತೊಯೊ ಎಂಬ ಪಟ್ಟಣದಲ್ಲಿ ಸಂಶೋಧಕರು ಸೊಗಸಾದ ಉಪಾಯ ಕಂಡುಕೊಂಡರು. 2007ರಿಂದ ಆ ಪಟ್ಟಣ ಬೀದಿಗೊಂದರಂತೆ ಅಲ್ಲದಿದ್ದರೂ ಅಲ್ಲಲ್ಲಿ ಹಿರಿಯರ ಕೂಟದ ತಾಣಗಳನ್ನು ತೆರೆಯುತ್ತ ಹೋಯಿತು. ಹಗುರ ವ್ಯಾಯಾಮ, ಆಟ, ಕರಕುಶಲ, ಶಿಶುವಿಹಾರದ ಮಕ್ಕಳ ಜೊತೆ ಒಂದು ಹೊತ್ತು. ನಡೆಸುವವರು ಊರಿನ ಸ್ವಯಂಸೇವಕರೇ. ಯಾರ ಮನೆ ತಾಣಕ್ಕೆ ಹತ್ತಿರ, ಯಾರದು ದೂರ ಎಂಬುದು ಬಹುಮಟ್ಟಿಗೆ ಆಕಸ್ಮಿಕ. ಮನೆಯಿಂದ ಸಮುದಾಯ ಭವನ ಎಷ್ಟು ದೂರ ಎಂಬುದಕ್ಕೂ ಆ ಮನೆಯ ಅಜ್ಜನ ಮಂಡಿಯ ಬಲಕ್ಕೂ ನೇರ ನಂಟಿಲ್ಲ. ಆದರೆ ಹತ್ತಿರ ಇರುವವರು ಹೆಚ್ಚು ಹೋಗುತ್ತಾರೆ. ಅಂದರೆ ದೂರವೇ ಚೀಟಿ ಎತ್ತುವ ಕೆಲಸ ಮಾಡಿಕೊಟ್ಟಿತು. ಭವನ ಹತ್ತಿರವಿತ್ತು ಎಂಬ ಕಾರಣಕ್ಕೆ ಕೂಟಕ್ಕೆ ಹೋದವರಿಗೆ ಏನಾಯಿತು ಎಂದು ಲೆಕ್ಕ ಹಾಕಿದರೆ ಆಗ ಸಿಗುವುದು ಕೂಟದ ಪರಿಣಾಮ, ಹೋಗುವವರ ಸ್ವಭಾವದ ಪರಿಣಾಮ ಅಲ್ಲ. ಹಿಕಿಚಿ ಮತ್ತು ಸಂಗಡಿಗರು 2015ರಲ್ಲಿ ಪ್ರಕಟಿಸಿದ ಈ ಲೆಕ್ಕದಲ್ಲಿ, ಐದು ವರ್ಷಗಳಲ್ಲಿ ಪರಾವಲಂಬನೆಗೆ ಜಾರುವ ಸಂಭವ ಕೂಟಕ್ಕೆ ಹೋದವರಲ್ಲಿ ಸುಮಾರು ಅರ್ಧಕ್ಕೆ ಇಳಿದಿತ್ತು.

ಯಾವ ಔಷಧಿಯೂ ಇಷ್ಟು ಕೊಡುವುದಿಲ್ಲ ಎಂದು ಹೇಳಲು ಆಸೆಯಾಗುತ್ತದೆ, ಆದರೆ ಇಂಥ ಲೆಕ್ಕಾಚಾರಗಳು ತುಸು ಉದಾರವಾಗಿ ಮಾತಾಡುವುದುಂಟು. ಚೀಟಿ ಎತ್ತಿಯೇ ಮಾಡಿದ ದೊಡ್ಡ ಪ್ರಯೋಗದ ಉತ್ತರ ಇದಕ್ಕಿಂತ ಸಂಯಮದ್ದು. ಅಮೆರಿಕದ ಎಂಟು ಕೇಂದ್ರಗಳಲ್ಲಿ 70ರಿಂದ 89 ವಯಸ್ಸಿನ 1,635 ಜನರ ಮೇಲೆ ನಡೆದು 2014ರಲ್ಲಿ ಪ್ರಕಟವಾದ 'ಲೈಫ್' ಅಧ್ಯಯನ ಅದು. ಸರಾಸರಿ ಎರಡೂವರೆ ವರ್ಷಗಳಲ್ಲಿ, ಸುಮಾರು ನಾನೂರು ಮೀಟರ್ ನಡೆಯುವ ಶಕ್ತಿ ಕಳೆದುಕೊಂಡವರು ಆರೋಗ್ಯದ ಪಾಠ ಮಾತ್ರ ಕೇಳಿದವರಲ್ಲಿ ಶೇಕಡ 35.5, ವ್ಯಾಯಾಮದ ಗುಂಪಿನಲ್ಲಿ ಶೇಕಡ 30.1. ಚಿಕ್ಕ ಅಂತರ, ಆದರೆ ಗಟ್ಟಿ ಅಂತರ. ಬೀಳುವುದರ ಬಗ್ಗೆ ಸಾಕ್ಷ್ಯ ಇನ್ನೂ ಹೆಚ್ಚು: ನೂರಕ್ಕೂ ಹೆಚ್ಚು ಪ್ರಯೋಗಗಳನ್ನು ಒಟ್ಟುಗೂಡಿಸಿದ 2019ರ ಕೊಕ್ರೇನ್ ವಿಮರ್ಶೆಯ ಪ್ರಕಾರ ವ್ಯಾಯಾಮ ಬೀಳುವಿಕೆಯನ್ನು ಶೇಕಡ 23ರಷ್ಟು ತಗ್ಗಿಸುತ್ತದೆ, ಸಮತೋಲನದ ಜೊತೆ ಬಲದ ವ್ಯಾಯಾಮವನ್ನೂ ಬೆರೆಸಿದರೆ ಇನ್ನೂ ಹೆಚ್ಚು.

ಜೊತೆಯಲ್ಲಿ ಮಾಡುವುದರಿಂದ ಬರುವ ಈ ಹೆಚ್ಚಿನ ಲಾಭ ಎಲ್ಲಿಂದ ಬರುತ್ತದೆ? ಒಂದು ಉತ್ತರ ತೀರ ಸರಳ. ವಾರಕ್ಕೊಂದು ದಿನ ಇಂಥ ಹೊತ್ತಿಗೆ ಇಂಥ ಕಡೆ ತನಗಾಗಿ ಒಂದು ಕುರ್ಚಿ ಇದೆ, ಹೋಗದಿದ್ದರೆ 'ಯಾಕೆ ಬರಲಿಲ್ಲ' ಎಂದು ಕೇಳುವವರಿದ್ದಾರೆ ಎಂದಾಗ ಮನುಷ್ಯ ಸ್ನಾನ ಮಾಡಿ, ತಲೆ ಬಾಚಿ, ಚಪ್ಪಲಿ ಮೆಟ್ಟಿ, ಮೆಟ್ಟಿಲಿಳಿದು, ರಸ್ತೆ ದಾಟಿ ಹೋಗುತ್ತಾನೆ. ವ್ಯಾಯಾಮದ ಮುಕ್ಕಾಲು ಗಂಟೆಗಿಂತ ಮೊದಲೇ ವ್ಯಾಯಾಮ ಶುರುವಾಗಿರುತ್ತದೆ. ಸಂಘದಲ್ಲಿದ್ದೂ ಮೈ ಬಗ್ಗಿಸದವರು ಚೆನ್ನಾಗಿದ್ದುದರ ಗುಟ್ಟು ಬಹುಶಃ ಇಲ್ಲೇ ಇದೆ. ಕೋಚಿಯ ಷರತ್ತನ್ನೂ ಇಲ್ಲಿ ನೆನೆಯಬೇಕು. ಬೀಗದ ಕೈ ಯಾರ ಬಳಿ ಇದೆಯೋ ಅವರು ಮೋಡ ಕವಿದಿದೆ, ಮಂಡಿ ನೋಯುತ್ತಿದೆ ಎಂದು ಮನೆಯಲ್ಲಿ ಉಳಿಯಲಾರರು. ಹಿರಿಯರಿಗೆ ನಾವು ಸಾಮಾನ್ಯವಾಗಿ ಕೊಡುವುದು ಸವಲತ್ತು. ಅವರಿಂದ ಕಿತ್ತುಕೊಳ್ಳುವುದು ಜವಾಬ್ದಾರಿ. ಎರಡನೆಯದನ್ನು ಮರಳಿ ಕೊಟ್ಟದ್ದು ಕೋಚಿಯವರ ನಿಜವಾದ ಜಾಣ್ಮೆ ಎಂದು ನಾನು ನಂಬಿದ್ದೇನೆ.

ಇನ್ನೊಂದು ಉತ್ತರ ಮೈಯೊಳಗಿನದು. ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ದೋಣಿ ಹುಟ್ಟು ಹಾಕುವ ಹುಡುಗರ ಮೇಲೆ ಎಮ್ಮಾ ಕೋಹೆನ್, ರಾಬಿನ್ ಡನ್‌ಬಾರ್ ಮತ್ತಿತರರು ಒಂದು ಪುಟ್ಟ ಪ್ರಯೋಗ ಮಾಡಿದ್ದರು. ಹುಟ್ಟು ಹಾಕುವ ಯಂತ್ರದ ಮೇಲೆ ಒಂದು ದಿನ ಒಬ್ಬೊಬ್ಬರೇ, ಇನ್ನೊಂದು ದಿನ ತಂಡವಾಗಿ ತಾಳ ಸೇರಿಸಿ ದುಡಿದರು. ಶ್ರಮ ಎರಡು ದಿನವೂ ಅಷ್ಟೇ. ಮುಗಿದ ಕೂಡಲೇ ಬಿಪಿ ನೋಡುವ ಪಟ್ಟಿಯನ್ನು ತೋಳಿಗೆ ಸುತ್ತಿ ಬಿಗಿ ಮಾಡುತ್ತ ಹೋಗಿ ನೋವನ್ನು ಎಷ್ಟು ತಾಳುತ್ತಾರೆಂದು ಅಳೆದರು. ತಾಳ ಸೇರಿಸಿ ದುಡಿದ ದಿನ ನೋವು ತಾಳುವ ಶಕ್ತಿಯಲ್ಲಾದ ಏರಿಕೆ ಒಂಟಿಯಾಗಿ ದುಡಿದ ದಿನದ್ದಕ್ಕಿಂತ ಸುಮಾರು ಎರಡರಷ್ಟು. ಮಿದುಳು ತಾನೇ ಸ್ರವಿಸುವ ನೋವುನಿವಾರಕಗಳಾದ ಎಂಡಾರ್ಫಿನ್‌ಗಳು ಹೆಚ್ಚಿರಬೇಕೆಂಬುದು ಅವರ ತರ್ಕ. ಇದು ನೋವಿನ ಮೂಲಕ ಮಾಡಿದ ಊಹೆಯೇ ಹೊರತು ಎಂಡಾರ್ಫಿನ್ನನ್ನೇ ಅಳೆದದ್ದಲ್ಲ. ಹುಡುಗರೂ ಹನ್ನೆರಡೇ ಮಂದಿ. ಆದರೂ ಕೋಲಾಟದಲ್ಲಿ ಕೋಲಿಗೆ ಕೋಲು ತಾಗಿದ ಸದ್ದು ಕೇಳಿದವರಿಗೆ, ನಾಟಿಯ ಗದ್ದೆಯಲ್ಲಿ ಪದ ಹೇಳುತ್ತ ಬಗ್ಗಿ ನಡೆದ ಹೆಂಗಸರಿಗೆ ಈ ಫಲಿತಾಂಶ ಹೊಸದಾಗಿ ಕಾಣಲಾರದು. ಮಂಡಿನೋವಿನ ಅಜ್ಜಿ ಮನೆಯಲ್ಲಿ ಐದು ಸಲ ಏಳಲಾರದೆ ಕೂಟದಲ್ಲಿ ಹತ್ತು ಸಲ ಎದ್ದರೆ ಅದನ್ನು ಬರೀ ಹುಮ್ಮಸ್ಸೆಂದು ತಳ್ಳಿಹಾಕಬೇಕಿಲ್ಲ.

ಗಟ್ಟಿಯಾಗಿ ಎಣಿಸುವುದರಲ್ಲೂ ಒಂದು ಶರೀರಶಾಸ್ತ್ರವಿದೆ. ಭಾರ ಎತ್ತುವಾಗ ಉಸಿರು ಬಿಗಿ ಹಿಡಿದರೆ ರಕ್ತದೊತ್ತಡ ಸರಕ್ಕನೆ ಏರುತ್ತದೆ. ಬಾಯಲ್ಲಿ ಎಣಿಕೆ ಇದ್ದಾಗ ಉಸಿರು ಹಿಡಿಯಲು ಆಗುವುದೇ ಇಲ್ಲ. ಕೋಚಿಯವರು ಮುಂದೆ ಬಾಯಿ, ನಾಲಗೆ, ಗಂಟಲಿಗೂ ಒಂದು ವ್ಯಾಯಾಮ ಸೇರಿಸಿದರು. ಮುಪ್ಪಿನಲ್ಲಿ ನುಂಗುವ ಸ್ನಾಯುಗಳು ಸೋತು ಅನ್ನದ ಅಗುಳು, ನೀರು, ಉಗುಳು ಶ್ವಾಸನಾಳಕ್ಕೆ ಇಳಿದು ನ್ಯುಮೋನಿಯಾ ಆಗುವುದು ಸಾಮಾನ್ಯ. ಅಗಿಯಲಾರದವರು ಮೆತ್ತಗಿನ ಗಂಜಿಗೆ ಇಳಿದು, ಸ್ನಾಯುವಿಗೆ ಬೇಕಾದ ಪ್ರೋಟೀನು ಸಿಗದೆ ಮತ್ತಷ್ಟು ಸೊರಗುವುದೂ ಸಾಮಾನ್ಯ. ನಮ್ಮಲ್ಲಿ ರಾತ್ರಿ ಒಂದು ಲೋಟ ಹಾಲು, ಎರಡು ಬಾಳೆಹಣ್ಣಿಗೆ ಊಟ ಮುಗಿಸುವ ಹಿರಿಯರು ಎಷ್ಟಿಲ್ಲ. ಕಾಳು, ಮೊಟ್ಟೆ, ಮೀನು, ಮೊಸರು, ಯಾವುದು ಒಗ್ಗುತ್ತದೋ ಅದು ತಟ್ಟೆಯಲ್ಲಿಲ್ಲದೆ ತೂಕದ ಪಟ್ಟಿಯೊಂದೇ ಸ್ನಾಯು ಕಟ್ಟಲಾರದು.

ಇಷ್ಟು ಹೇಳಿದ ಮೇಲೆ ಸಾಮೂಹಿಕ ವ್ಯಾಯಾಮದ ಇನ್ನೊಂದು ಮುಖವನ್ನೂ ಹೇಳಬೇಕು. ಜಪಾನಿನಲ್ಲಿ ಬೆಳಿಗ್ಗೆ ಆರೂವರೆಗೆ ರೇಡಿಯೋದಲ್ಲಿ ಪಿಯಾನೋ ನುಡಿಯುತ್ತದೆ, ಉದ್ಯಾನಗಳಲ್ಲಿ ಹಿರಿಯರು ಅದರ ತಾಳಕ್ಕೆ ಕೈಕಾಲು ಆಡಿಸುತ್ತಾರೆ. ಈ 'ರೇಡಿಯೋ ತಾಯ್ಸೋ' ಆರಂಭವಾದದ್ದು 1928ರ ನವೆಂಬರ್ 1ರಂದು, ಚಕ್ರವರ್ತಿ ಹಿರೊಹಿತೊ ಪಟ್ಟಾಭಿಷೇಕದ ನೆನಪಿಗೆ. ಅದರ ಹಿಂದೆ ಇದ್ದದ್ದು ಅಂಚೆ ಇಲಾಖೆಯ ಜೀವವಿಮೆ ವಿಭಾಗ. ಅವರಿಗೆ ಮಾದರಿಯಾದದ್ದು ಅಮೆರಿಕದ ಮೆಟ್ರೊಪಾಲಿಟನ್ ವಿಮಾ ಕಂಪನಿ 1925ರಿಂದ ನಡೆಸುತ್ತಿದ್ದ ರೇಡಿಯೋ ವ್ಯಾಯಾಮ. ಯುದ್ಧದ ವರ್ಷಗಳಲ್ಲಿ ಅದು ಪ್ರಜೆಗಳನ್ನು ಒಂದೇ ಅಚ್ಚಿಗೆ ಹಾಕುವ ಕವಾಯತಾಯಿತು. ಸೋಲಿನ ನಂತರ 1947ರಲ್ಲಿ ನಿಂತುಹೋಯಿತು. 1951ರಲ್ಲಿ ಹೊಸ ಚಲನೆ, ಹೊಸ ಸಂಗೀತದೊಂದಿಗೆ ಮರಳಿತು, ಇಂದಿಗೂ ನಡೆದಿದೆ. 1999ರಲ್ಲಿ ಕುಳಿತಲ್ಲೇ ಮಾಡಬಹುದಾದ ಇನ್ನೊಂದು ಬಗೆಯೂ ಸೇರಿತು. ಒಂದೇ ತಾಳಕ್ಕೆ ನೂರು ಮೈಗಳು ಆಡುವುದರಲ್ಲಿ ಎಷ್ಟು ಶಕ್ತಿಯಿದೆಯೆಂಬುದನ್ನು ಅಜ್ಜಿಯರ ಮಂಡಿಗಿಂತ ಮೊದಲು ಸೈನ್ಯಗಳು ಕಂಡುಕೊಂಡಿದ್ದವು. ಕರೆದೊಯ್ದು ನಿಲ್ಲಿಸುವುದಕ್ಕೂ ಕೇಳಿದವರಿಗೆ ಕೊಡುವುದಕ್ಕೂ ಇರುವ ಅಂತರವನ್ನು ಕಾಪಾಡಿಕೊಳ್ಳುವುದು ಮುಖ್ಯ.

ನಮ್ಮಲ್ಲಿ? ಭಾರತದಲ್ಲಿ 2022ರಲ್ಲಿ ಅರವತ್ತು ದಾಟಿದವರು ಸುಮಾರು 14.9 ಕೋಟಿ; 2050ಕ್ಕೆ 34.7 ಕೋಟಿ ಆಗುವ ಅಂದಾಜಿದೆ. ನಮ್ಮ ಹಿರಿಯರು ನೆಲದ ಮೇಲೆ ಕುಳಿತು ಉಂಡವರು, ತುದಿಗಾಲಲ್ಲಿ ಕುಕ್ಕರಿಸಿ ಪಾತ್ರೆ ತೊಳೆದವರು, ದಿನಕ್ಕೆ ಹತ್ತಾರು ಸಲ ನೆಲದಿಂದ ಎದ್ದವರು. ನೆಲದಿಂದ ಆಸರೆಯಿಲ್ಲದೆ ಏಳುವುದಕ್ಕೆ ಬ್ರೆಜಿಲಿನ ವೈದ್ಯ ಕ್ಲಾಡಿಯೊ ಅರೌಜೊ ಅಂಕ ಕೊಟ್ಟು, ಆ ಅಂಕ ಕಡಿಮೆಯಿದ್ದವರು ಮುಂದಿನ ವರ್ಷಗಳಲ್ಲಿ ಹೆಚ್ಚಾಗಿ ಸತ್ತರೆಂದು 2012ರಲ್ಲಿ ತೋರಿಸಿದರು. ಮಂಡಿ ಸವೆದವರು ನೆಲಕ್ಕೆ ಮರಳಬೇಕೆಂದು ನಾನು ಹೇಳುತ್ತಿಲ್ಲ. ಡೈನಿಂಗ್ ಟೇಬಲ್ಲು, ಕಮೋಡು, ಸೋಫಾ ಬಂದು ಆ ಹತ್ತಾರು ಏಳುಬೀಳುಗಳು ಕಳೆದುಹೋದಾಗ ಅವುಗಳ ಜಾಗದಲ್ಲಿ ನಾವು ಏನನ್ನೂ ಇಡಲಿಲ್ಲ. ಡಾಕ್ಟರು 'ವಾಕಿಂಗ್ ಮಾಡಿ' ಎಂದರು. ಲಾಲ್‌ಬಾಗಿನಿಂದ ಹಿಡಿದು ತಾಲ್ಲೂಕು ಕ್ರೀಡಾಂಗಣದವರೆಗೆ ಜನ ನಡೆಯುತ್ತಿದ್ದಾರೆ. ಹೃದಯಕ್ಕೆ, ಶುಗರಿಗೆ, ಮನಸ್ಸಿಗೆ ನಡಿಗೆ ಬಹಳ ಒಳ್ಳೆಯದು. ಆದರೆ ಸಪಾಟು ನೆಲದ ನಡಿಗೆ ತೊಡೆಯ ಬಲವನ್ನೂ ಎಡವಿದಾಗ ಬೇಕಾದ ಚುರುಕನ್ನೂ ಕಟ್ಟಿಕೊಡುವುದು ಕಡಿಮೆ.

ಕೂಡುವ ಪರಂಪರೆಗೆ ಇಲ್ಲಿ ಬರವಿಲ್ಲ. ತುಮಕೂರಿನಲ್ಲಿ ಹುಟ್ಟಿದ ಶ್ರೀ ಪತಂಜಲಿ ಯೋಗ ಶಿಕ್ಷಣ ಸಮಿತಿ ದೇವಸ್ಥಾನದ ಸಭಾಂಗಣ, ಶಾಲೆಯ ಹಾಲ್, ಕಲ್ಯಾಣ ಮಂಟಪಗಳಲ್ಲಿ ಬೆಳಗಿನ ಜಾವ ಶುಲ್ಕವಿಲ್ಲದೆ ತರಗತಿ ನಡೆಸುತ್ತದೆ. ಕಲಿತವರೇ ಮುಂದೆ ಕಲಿಸುತ್ತಾರೆ. ಡಾ. ಮದನ್ ಕಟಾರಿಯಾ 1995ರಲ್ಲಿ ಮುಂಬಯಿಯ ಪಾರ್ಕೊಂದರಲ್ಲಿ ಶುರುಮಾಡಿದ ನಗೆಕೂಟ ನಮ್ಮ ಪಾರ್ಕುಗಳಿಗೂ ಬಂದಿದೆ. ಸ್ತ್ರೀಶಕ್ತಿ ಸಂಘಗಳ ಹೆಂಗಸರು ಹಳ್ಳಿ ಹಳ್ಳಿಯಲ್ಲಿ ವಾರಕ್ಕೊಮ್ಮೆ ಉಳಿತಾಯದ ಲೆಕ್ಕಕ್ಕೆ ಕೂಡುತ್ತಾರೆ, ಹಾಜರಿ ಪುಸ್ತಕ ಅವರ ಬಳಿ ಆಗಲೇ ಇದೆ. ಭಜನಾ ಮಂಡಳಿಗಳಿವೆ. ಇವುಗಳಲ್ಲಿ ಯಾವುದೇ ಕೂಟಕ್ಕೆ ಅರ್ಧ ಗಂಟೆಯ ಭಾರದ ವ್ಯಾಯಾಮ ಸೇರಿಸಲು ಬೇಕಾಗುವುದು ಅಲುಗಾಡದ ಕುರ್ಚಿಗಳು, ಮರಳು ತುಂಬಿ ಹೊಲಿದ 200 ಗ್ರಾಂ ಚೀಲಗಳು, ಮೊದಲ ತಿಂಗಳು ಬಂದು ಹೇಳಿಕೊಡುವ ಒಬ್ಬ ಫಿಸಿಯೋಥೆರಪಿಸ್ಟ್. ಹೃದಯದ ತೊಂದರೆ ಇದ್ದವರು, ಇತ್ತೀಚೆಗೆ ಶಸ್ತ್ರಚಿಕಿತ್ಸೆ ಆದವರು ಮೊದಲು ತಮ್ಮ ಡಾಕ್ಟರನ್ನು ಕೇಳಬೇಕು. ಉಳಿದವರಿಗೆ ತಡೆ ಬೇರೆಯೇ ಇದೆ.

ಗಂಡಸರದು ಒಂದು ಸಮಸ್ಯೆ. ಜಪಾನಿನ ಕೂಟಗಳಲ್ಲೂ ಹೆಂಗಸರದೇ ದೊಡ್ಡ ಪಾಲು. ನಿವೃತ್ತ ಗಂಡಸು ಕುರ್ಚಿಯಲ್ಲಿ ಕುಳಿತು ಕಾಲೆತ್ತಲು ಬರುವುದಿಲ್ಲ; ಮೈಕು ಸರಿ ಮಾಡಲು, ಲೆಕ್ಕ ಬರೆಯಲು, ಹೊರಗಿನ ಹೂಕುಂಡಕ್ಕೆ ನೀರು ಹಾಕಲು ಕರೆದರೆ ಬರುತ್ತಾನೆ, ಬಂದವನು ಕೂರುತ್ತಾನೆ.

ಇನ್ನುಳಿದದ್ದು ದೂರ. ತಾಕೆತೊಯೊದ ಲೆಕ್ಕ ನಿಂತದ್ದೇ ಅದರ ಮೇಲೆ: ಹತ್ತಿರ ಇದ್ದರೆ ಹೋಗುತ್ತಾರೆ, ದೂರ ಇದ್ದರೆ ಇಲ್ಲ. ಮಂಡಿ ನೋಯುವ ಎಪ್ಪತ್ತೈದರ ಹೆಣ್ಣುಮಗಳಿಗೆ ಹತ್ತಿರ ಎಂದರೆ ಅರ್ಧ ಕಿಲೋಮೀಟರ್ ಕೂಡ ಅಲ್ಲ. ನಡುವೆ ಸಿಗ್ನಲ್ ಇಲ್ಲದ ರಸ್ತೆ ದಾಟಬೇಕಾದರೆ, ಫುಟ್‌ಪಾತಿನ ಚಪ್ಪಡಿ ಎದ್ದಿದ್ದರೆ, ದಾರಿಯಲ್ಲಿ ಕೂರಲು ಒಂದು ಕಲ್ಲುಬೆಂಚು ಇಲ್ಲದಿದ್ದರೆ ಮುನ್ನೂರು ಮೀಟರ್ ಕೂಡ ದೂರವೇ. ಹೀಗಾಗಿ ವೃದ್ಧರ ಆರೋಗ್ಯದ ಯೋಜನೆ ಬರೆಯುವವರು ಆರೋಗ್ಯ ಇಲಾಖೆಯವರ ಪಕ್ಕದಲ್ಲಿ ರಸ್ತೆಯ ಎಂಜಿನಿಯರನ್ನೂ ಕೂರಿಸಿಕೊಳ್ಳಬೇಕು. ಕೂಟ ನಡೆಯುವ ಕಟ್ಟಡದಲ್ಲಿ ನೀರಿರುವ, ಒಳಗಿನಿಂದ ಚಿಲಕ ಹಾಕಬಹುದಾದ, ಹಿಡಿದು ಏಳಲು ಗೋಡೆಗೆ ಸರಳು ಹಾಕಿದ ಶೌಚಾಲಯ ಇದೆಯೇ ಎಂದು ಎಲ್ಲಕ್ಕಿಂತ ಮೊದಲು ನೋಡಬೇಕು. ಅದಿಲ್ಲದ ಕಡೆ ಹೆಂಗಸರು ಹೊರಡುವ ಮುನ್ನ ನೀರು ಕುಡಿಯುವುದನ್ನು ಬಿಡುತ್ತಾರೆ, ಸ್ವಲ್ಪ ದಿನಕ್ಕೆ ಬರುವುದನ್ನೂ ಬಿಡುತ್ತಾರೆ.